ಸೈಲೆನ್ಸರ್ ಬೋಲ್ಟು ಜಾಮ್ ಆದರೆ, ಕಟ್ಟಾದರೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಮಳೆ ನಿಂತು ಗಾಡಿಗಳು ರಿಪೇರಿಗೆ ಬರುವ ಹೊತ್ತಿಗೆ ಸೈಲೆನ್ಸರ್ ಬೋಲ್ಟುಗಳ ಕಾಟ ಶುರುವಾಗುತ್ತದೆ. ಈ ಸಂಚಿಕೆಗೆ ಆರಿಸಿಕೊಂಡ ಪ್ರಶ್ನೆಗಳೆಲ್ಲ ಅದಕ್ಕೇ ಸಂಬಂಧಿಸಿದವು. ಬಿಗಿಸುವ ಅಳತೆ, ಬೋಲ್ಟಿನ ಉದ್ದ ಗಾಡಿಯಿಂದ ಗಾಡಿಗೆ ಬದಲಾಗುತ್ತವೆ. ಇಲ್ಲಿ ಕೊಟ್ಟಿರುವುದು ಸಾಮಾನ್ಯವಾಗಿ ನಡೆಯುವ ಅಂಕಿಗಳು. ನಿಮ್ಮ ಗಾಡಿಯ ಸರ್ವಿಸ್ ಮ್ಯಾನುಯಲ್ ಬೇರೆ ಅಂಕಿ ಹೇಳಿದರೆ ಅದನ್ನೇ ಹಿಡಿಯಿರಿ.

ಪ್ರಶ್ನೆ: ನಮ್ಮದು ಹನ್ನೆರಡು ವರ್ಷ ಹಳೆಯ ಪೆಟ್ರೋಲ್ ಕಾರು, ಮನೆ ಕಡಲ ತೀರದಲ್ಲೇ. ಎಂಜಿನ್ನಿನಿಂದ ಬರುವ ಮುಂದಿನ ಪೈಪಿನ ಜಾಯಿಂಟಿನಲ್ಲಿ ಹೊಗೆ ಸೋರುತ್ತಿದೆ. ಗ್ಯಾಸ್ಕೆಟ್ ಬದಲಿಸೋಣವೆಂದರೆ ಬೋಲ್ಟುಗಳು ಅಲುಗಾಡುತ್ತಿಲ್ಲ. ಗ್ಯಾರೇಜಿನವರು ಗ್ರೈಂಡರ್ ಹಾಕಿ ಕತ್ತರಿಸೋಣ ಎನ್ನುತ್ತಾರೆ. ಒಪ್ಪಬಹುದೇ?
(ಮಲ್ಪೆ)

ಉತ್ತರ: ಬೋಲ್ಟು ಎಲ್ಲಿ ಕಚ್ಚಿಕೊಂಡಿದೆ ಎಂಬುದನ್ನು ನೋಡಿ ಒಪ್ಪಬೇಕು. ಸೈಲೆನ್ಸರ್ ಲೈನಿನಲ್ಲಿ ಮೂರು ಬಗೆಯ ಜೋಡಣೆ ಸಿಗುತ್ತದೆ. ಎರಡು ಫ್ಲ್ಯಾಂಜುಗಳ (ಪೈಪಿನ ತುದಿಯ ಚಪ್ಪಟೆ ತಟ್ಟೆಗಳ) ತೂತಿನಲ್ಲಿ ಬೋಲ್ಟು ಆರಪಾರ ಹೋಗಿ ಹಿಂದೆ ಬಿಡಿ ನಟ್ಟು ಕೂತಿರುವುದು ಮೊದಲನೆಯದು. ಇಲ್ಲಿ ಎಣ್ಣೆ ಹಾಕಿ ಕಾಯುತ್ತ ಕೂರುವುದು ದಂಡ. ಗ್ರೈಂಡರಿನಿಂದ ಕತ್ತರಿಸಿ, ಇಲ್ಲವೇ ನಟ್ಟನ್ನು ಉಳಿಯಿಂದ ಸೀಳಿ, ಹೊಸದು ಹಾಕಿ. ಫ್ಲ್ಯಾಂಜಿಗೆ ಏನೂ ಆಗುವುದಿಲ್ಲ, ಬೋಲ್ಟಿಗೆ ದೊಡ್ಡ ಖರ್ಚೂ ಇಲ್ಲ.

ಎರಡನೆಯದು ಫ್ಲ್ಯಾಂಜಿಗೇ ನಟ್ಟು ವೆಲ್ಡ್ ಆಗಿರುವುದು ಅಥವಾ ಫ್ಲ್ಯಾಂಜಿನಲ್ಲೇ ಥ್ರೆಡ್ ಕೊರೆದಿರುವುದು. ಮುಂದಿನ ಪೈಪಿನ ಸ್ಪ್ರಿಂಗ್ ಬೋಲ್ಟುಗಳು ಬಹಳ ಕಡೆ ಹೀಗೇ ಇರುತ್ತವೆ, ನಿಮ್ಮದೂ ಇದೇ ಇರಬೇಕು. ಮೂರನೆಯದು ಮ್ಯಾನಿಫೋಲ್ಡಿನಲ್ಲೋ (ಎಂಜಿನ್ನಿನ ಹೊಗೆಯನ್ನು ಒಟ್ಟುಗೂಡಿಸುವ ಮೊದಲ ಕೊಳವೆ) ಸಿಲಿಂಡರ್ ಹೆಡ್ಡಿನಲ್ಲೋ (ಎಂಜಿನ್ನಿನ ಮೇಲ್ಭಾಗ) ಹೂತು ನಿಂತ ಸ್ಟಡ್, ಅಂದರೆ ತಲೆಯಿಲ್ಲದ ಬೋಲ್ಟು. ತಾಳ್ಮೆಯೆಲ್ಲ ಇದಕ್ಕೆ ಮೀಸಲಿರಲಿ, ಏಕೆಂದರೆ ಇದು ಕಟ್ಟಾದರೆ ಹಾಳಾಗುವುದು ಬೋಲ್ಟಲ್ಲ, ಹೆಡ್ಡು.

ನಿಮ್ಮ ಸ್ಪ್ರಿಂಗ್ ಬೋಲ್ಟುಗಳಿಗೆ ಹೀಗೆ ಮಾಡಿ. ಹಿಂದಿನ ಸಂಜೆಯೇ ವೈರ್ ಬ್ರಷ್ಷಿನಿಂದ ಥ್ರೆಡ್ ತುದಿಯನ್ನು ಚೆನ್ನಾಗಿ ಉಜ್ಜಿ. ನಟ್ಟಿನಿಂದ ಹೊರಗೆ ಚಾಚಿರುವ ಆ ನಾಲ್ಕೈದು ಸುತ್ತು ತುಕ್ಕೇ ಬಿಚ್ಚುವಾಗ ನಟ್ಟಿನೊಳಗೆ ಸಿಕ್ಕಿಕೊಂಡು ಬೋಲ್ಟನ್ನು ತಿರುಚಿ ಮುರಿಯುವುದು. ಉಜ್ಜಿದ ಮೇಲೆ ತುಕ್ಕು ಬಿಡಿಸುವ ಎಣ್ಣೆ ಹೊಡೆದು, ಬೋಲ್ಟಿನ ತಲೆಯ ಮೇಲೆ ನೇರವಾಗಿ ನಾಲ್ಕಾರು ಏಟು ಹಾಕಿ. ಬೆಳಿಗ್ಗೆ ಇನ್ನೊಮ್ಮೆ ಎಣ್ಣೆ, ಇನ್ನೊಮ್ಮೆ ಏಟು. ಆಮೇಲೆ ಎಣ್ಣೆಯನ್ನು ಬಟ್ಟೆಯಿಂದ ಒರೆಸಿ ತೆಗೆದು, ಗ್ಯಾಸ್ ಟಾರ್ಚಿನಿಂದ ನಟ್ಟಿನ ಭಾಗವನ್ನು ಮಾತ್ರ ಕಾಯಿಸಿ. ಬೋಲ್ಟನ್ನು ಕಾಯಿಸಿದರೆ ಅದೇ ಉಬ್ಬಿ ಇನ್ನಷ್ಟು ಬಿಗಿಯಾಗುತ್ತದೆ. 10 ಮಿ.ಮೀ. ನಟ್ಟಿನ ಬಿಸಿ 300 ಡಿಗ್ರಿ ಏರಿದರೆ ಅದರ ತೂತು ಹಿಗ್ಗುವುದು ಸುಮಾರು 0.036 ಮಿ.ಮೀ., ಕೂದಲೆಳೆಯ ಅರ್ಧದಷ್ಟು. ತುಕ್ಕಿನ ಪದರ ಬಿರುಕು ಬಿಡಲು ಅಷ್ಟು ಸಾಕು.

ಮೊದಲ ತಿರುವು ಬಿಗಿಯುವ ಕಡೆಗಿರಲಿ, ಅದೂ ಕೂದಲೆಳೆಯಷ್ಟೇ. 'ಕಿರ್' ಎಂದು ಸದ್ದು ಬಂದರೆ ತುಕ್ಕು ಒಡೆಯಿತು ಎಂದರ್ಥ. ಅಲ್ಲಿಂದ ಕಾಲು ತಿರುವು ಬಿಚ್ಚಿ, ಅದರ ಅರ್ಧ ಹಿಂದಕ್ಕೆ ಬಿಗಿದು, ಮತ್ತೆ ಬಿಚ್ಚಿ. ಬಿಗಿ ಹೆಚ್ಚಾಯಿತು ಎನಿಸಿದ ಕಡೆ ನಿಲ್ಲಿಸಿ, ತಣ್ಣಗಾದ ಮೇಲೆ ಎಣ್ಣೆ ಹಾಕಿ. ಕಾವು ಸಾಲದೆ ಬಿಗಿಯಾಗಿದ್ದರೆ ಮತ್ತೆ ಒರೆಸಿ ಕಾಯಿಸಿ. ಬಿಚ್ಚತೊಡಗಿದ ಖುಷಿಯಲ್ಲಿ ಒಂದೇ ಉಸಿರಿಗೆ ತಿರುಗಿಸಿಬಿಟ್ಟಾಗಲೇ ಹೆಚ್ಚಿನ ಬೋಲ್ಟುಗಳು ಕಟ್ಟಾಗುವುದು.

ಇಷ್ಟಾಗಿಯೂ ಕಟ್ಟಾಯಿತೇ, ಚಿಂತೆ ಬೇಡ. ಫ್ಲ್ಯಾಂಜಿನಲ್ಲಿ ಉಳಿದ ತುಂಡನ್ನು 10.5 ಮಿ.ಮೀ. ಡ್ರಿಲ್ಲಿನಿಂದ ಪೂರ್ತಿ ಕೊರೆದು ತೆಗೆದು, ಎಂ10 ಬೋಲ್ಟಿಗೆ (10 ಮಿ.ಮೀ. ದಪ್ಪದ್ದು) ಹಿಂದಿನಿಂದ ನಟ್ಟು ಕೊಡಿ. ಆದರೆ ಸ್ಪ್ರಿಂಗನ್ನು ಬಿಟ್ಟು ಸಾದಾ ಬೋಲ್ಟು ಹಾಕಿ ಬಿಗಿಯಬೇಡಿ. ಎಂಜಿನ್ ಓಲಾಡುವಾಗ ಆ ಜಾಯಿಂಟು ಬಳುಕಲೆಂದೇ ಅಲ್ಲಿ ಸ್ಪ್ರಿಂಗೂ ದುಂಡನೆಯ ಡೋನಟ್ ಗ್ಯಾಸ್ಕೆಟ್ಟೂ ಇರುವುದು. ಬಿಗಿದು ಕಟ್ಟಿದರೆ ಕೆಲವೇ ತಿಂಗಳಲ್ಲಿ ಪೈಪು ಬೆಸುಗೆಯ ಹತ್ತಿರ ಸೀಳಬಹುದು. ಬೋಲ್ಟು, ಸ್ಪ್ರಿಂಗು, ಗ್ಯಾಸ್ಕೆಟ್ ಮೂರನ್ನೂ ಹೊಸದಾಗಿ, ಅದೇ ಮಾಡೆಲ್ಲಿನದನ್ನೇ ತನ್ನಿ. ಈ ಬೋಲ್ಟಿನಲ್ಲಿ ಥ್ರೆಡ್ಡಿಗಿಂತ ದಪ್ಪನೆಯ ಭುಜವೊಂದು ಇರುತ್ತದೆ. ಅದು ಫ್ಲ್ಯಾಂಜಿಗೆ ತಾಗಿ ನಿಂತಾಗ ಸ್ಪ್ರಿಂಗ್ ಎಷ್ಟು ಅಮುಕಬೇಕೋ ಅಷ್ಟು ಅಮುಕಿರುತ್ತದೆ. ಅಳತೆ ತಪ್ಪಿದ ಬೋಲ್ಟಿನಲ್ಲಿ ಆ ಲೆಕ್ಕವೇ ಕೆಡುತ್ತದೆ.

ಪ್ರಶ್ನೆ: ತುಕ್ಕು ಬಿಡಿಸಲು ಸೀಮೆಎಣ್ಣೆ, ಡೀಸೆಲ್, ತೆಂಗಿನೆಣ್ಣೆ, ಡಬ್ಲ್ಯುಡಿ-40 ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಯಾವುದು ಸರಿ?
(ಶಿವಮೊಗ್ಗ)

ಉತ್ತರ: ತೆಂಗಿನೆಣ್ಣೆ ಬೇಡ, ಅದು ಮಂದ; ಸಂದಿಗೆ ಇಳಿಯುವುದಿಲ್ಲ, ಬಿಸಿಗೆ ಅಂಟಾಗುತ್ತದೆ. ಡೀಸೆಲ್, ಸೀಮೆಎಣ್ಣೆ ಎರಡೂ ನಿಧಾನವಾಗಿ ಕೆಲಸ ಮಾಡುತ್ತವೆ, ರಾತ್ರಿಯಿಡೀ ಬಿಟ್ಟರೆ ಪರವಾಗಿಲ್ಲ. ಸಾದಾ ಡಬ್ಲ್ಯುಡಿ-40 ಬಹೂಪಯೋಗಿ ಸ್ಪ್ರೇ. ಅದರ ಬದಲು 'ಪೆನೆಟ್ರೇಟಿಂಗ್ ಆಯಿಲ್' ಎಂದೇ ಕೇಳಿ ತಂದರೆ ಒಳ್ಳೆಯದು. ಅಸಿಟೋನನ್ನೂ ಆಟೊಮ್ಯಾಟಿಕ್ ಗೇರ್ ಎಣ್ಣೆಯನ್ನೂ ಸಮಸಮ ಬೆರೆಸಿ ಬಳಸುವವರೂ ಇದ್ದಾರೆ. ಎರಡೂ ಬೇಗ ಬೇರ್ಪಡುತ್ತವೆ, ಪ್ರತಿ ಸಲ ಕುಲುಕಬೇಕು. ಅಸಿಟೋನ್ ಕಿಡಿ ತಾಗಿದರೆ ಹತ್ತಿಕೊಳ್ಳುತ್ತದೆ, ಬಣ್ಣವನ್ನೂ ರಬ್ಬರನ್ನೂ ತಿನ್ನುತ್ತದೆ.

ಆದರೆ ಎಣ್ಣೆಯ ಹೆಸರಿಗಿಂತ ಅದಕ್ಕೆ ದಾರಿ ಮಾಡಿಕೊಡುವುದು ಮುಖ್ಯ. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಹಲವು ಪಟ್ಟು ಹೆಚ್ಚುತ್ತದೆ, ಥ್ರೆಡ್ಡಿನ ಸಂದಿಯೆಲ್ಲ ತುಂಬಿ ಹೋಗುತ್ತದೆ. ಎಷ್ಟು ಎಣ್ಣೆ ಸುರಿದರೂ ಹೊರಮೈಯಲ್ಲೇ ನಿಲ್ಲುತ್ತದೆ. ಸುತ್ತಿಗೆಯ ಏಟು, ಕಾವು ಇವೆರಡೂ ಆ ತುಕ್ಕಿನಲ್ಲಿ ಬಿರುಕು ತೆರೆಯುತ್ತವೆ. ಎಣ್ಣೆ ಇಳಿಯುವುದು ಆಗಲೇ.

ಇನ್ನೊಂದು ಹಳೆಯ, ಒಳ್ಳೆಯ ಉಪಾಯವಿದೆ: ಮೇಣದಬತ್ತಿ. ಸ್ಟಡ್ಡಿನ ಬುಡವನ್ನು ಕಾಯಿಸಿ, ಕೆಂಪಾಗುವುದಕ್ಕೆ ಬಹಳ ಮೊದಲೇ ಬೆಂಕಿ ತೆಗೆದು, ಥ್ರೆಡ್ ಒಳಸೇರುವ ಜಾಗಕ್ಕೆ ಮೇಣದ ತುದಿ ಮುಟ್ಟಿಸಿ. ಕರಗಿದ ಮೇಣ ಬಿಸಿಯ ಕಡೆಗೆ ಎಳೆದುಕೊಂಡು ಒಳಗೆ ಹೋಗುವುದು ಕಣ್ಣಿಗೇ ಕಾಣುತ್ತದೆ. ಮುಟ್ಟಿಸಿದ ಕೂಡಲೇ ಭಗ್ಗನೆ ಹತ್ತಿಕೊಂಡರೆ ಕಾವು ಜಾಸ್ತಿಯಾಗಿದೆ, ಸ್ವಲ್ಪ ಆರಲು ಬಿಡಿ. ಎಣ್ಣೆ ಇನ್ನೂ ಹಸಿಯಾಗಿರುವಾಗ ಮಾತ್ರ ಟಾರ್ಚ್ ಹಿಡಿಯಬೇಡಿ, ಹೊಗೆಯ ಹಿಂದೆಯೇ ಬೆಂಕಿ ಬರುತ್ತದೆ.

ಪ್ರಶ್ನೆ: ಸ್ಪ್ಯಾನರಿಗೆ ಉದ್ದನೆಯ ಪೈಪು ಹಾಕಿ ಎಳೆದರೆ ಬರುವುದಿಲ್ಲವೇ? ಒಂದು ಬೋಲ್ಟಿನ ತಲೆ ಆಗಲೇ ಸ್ಲಿಪ್ ಆಗಿದೆ.
(ಹುಬ್ಬಳ್ಳಿ)

ಉತ್ತರ: ಲೆಕ್ಕ ಹಾಕಿ ನೋಡಿ. 8.8 ದರ್ಜೆಯ (ಬೋಲ್ಟಿನ ಬಲ ಸೂಚಿಸುವ ಅಂಕಿ) ಹೊಸ ಎಂ8 ಬೋಲ್ಟು 33 ನ್ಯೂಟನ್ ಮೀಟರ್ ಟಾರ್ಕ್ (ತಿರುಚುವ ಬಲ) ದಾಟಿದ ಮೇಲೆ ಎಲ್ಲಿ ಬೇಕಾದರೂ ಮುರಿಯಬಹುದು. ತುಕ್ಕು ತಿಂದು ಸಣಕಲಾದದ್ದು ಅದಕ್ಕೂ ಮೊದಲೇ. ಒಂದು ಅಡಿ ಉದ್ದದ ಸ್ಪ್ಯಾನರಿನ ತುದಿಗೆ 15 ಕೆ.ಜಿ. ಭಾರ ಹಾಕಿದರೆ ಅದೇ 45 ನ್ಯೂಟನ್ ಮೀಟರ್ ಆಗುತ್ತದೆ. ಅದಕ್ಕೆ ಪೈಪು ಬೇರೆ ಸೇರಿಸಿದರೆ ಬೋಲ್ಟು ಉಳಿಯುವ ಮಾತೇ ಇಲ್ಲ. ಪೈಪು ಏನಿದ್ದರೂ ಚಕ್ರದ ನಟ್ಟಿಗೆ. ಇಲ್ಲಿ ಬೇಕಾದದ್ದು ಸಣ್ಣ ಸಣ್ಣ ಏಟು: ಇಂಪ್ಯಾಕ್ಟ್ ಗನ್ ಇದ್ದರೆ ಅತಿ ಕಡಿಮೆ ಶಕ್ತಿಗೆ ಇಟ್ಟು ಎರಡೂ ದಿಕ್ಕಿಗೆ ಆಡಿಸಿ.

ತಲೆ ಸ್ಲಿಪ್ ಆಗಲು ದೊಡ್ಡ ಕಾರಣ ತಪ್ಪು ಅಳತೆ. ಜಪಾನ್, ಕೊರಿಯಾ ಮೂಲದ ಗಾಡಿಗಳಲ್ಲಿ ಎಂ8ಕ್ಕೆ 12, ಎಂ10ಕ್ಕೆ 14 ಮಿ.ಮೀ. ಸ್ಪ್ಯಾನರ್. ಬೇರೆ ಅನೇಕ ಗಾಡಿಗಳಲ್ಲಿ 13 ಮತ್ತು 16 ಅಥವಾ 17. 12ರ ನಟ್ಟಿಗೆ 13 ಹಾಕಿದರೆ ಮೊದಲ ಎಳೆತಕ್ಕೇ ಮೂಲೆ ಸವೆಯುತ್ತದೆ. ಹನ್ನೆರಡು ಮೂಲೆಯ ಸಾಕೆಟ್ಟೂ ಇಲ್ಲಿ ಬೇಡ, ಆರು ಮೂಲೆಯದನ್ನೇ ಹಾಕಿ. ಆಗಲೇ ಸವೆದಿರುವ ತಲೆಗೆ ಅರದಿಂದ ಎರಡು ಬದಿ ಚಪ್ಪಟೆ ಮಾಡಿ ಒಂದು ಅಳತೆ ಚಿಕ್ಕ ಸಾಕೆಟ್ಟನ್ನು ಬಡಿದು ಕೂರಿಸಬಹುದು, ಅಥವಾ ಒಳಗೆ ಓರೆ ಹಲ್ಲಿರುವ ಬೋಲ್ಟ್ ರಿಮೂವರ್ ಸಾಕೆಟ್ ಬಳಸಬಹುದು. ಎಲ್ಲಕ್ಕಿಂತ ಗಟ್ಟಿ ದಾರಿ ತಲೆಯ ಮೇಲೆ ಹೊಸ ನಟ್ಟನ್ನು ವೆಲ್ಡ್ ಮಾಡುವುದು. ಹಿಡಿತವೂ ಸಿಗುತ್ತದೆ, ಕಾವೂ ಸಿಗುತ್ತದೆ.

ಪ್ರಶ್ನೆ: ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಿಚ್ಚುವಾಗ ಕೊನೆಯ ಸ್ಟಡ್ ಅಲ್ಯೂಮಿನಿಯಂ ಹೆಡ್ಡಿನ ಮಟ್ಟಕ್ಕೇ ಕಟ್ಟಾಗಿದೆ. ಹೆಡ್ ಬಿಚ್ಚದೆ ತೆಗೆಯಲು ಆಗುತ್ತದೆಯೇ? ಯಾವಾಗಲೂ ಕೊನೆಯ ಸ್ಟಡ್ಡೇ ಏಕೆ ಮುರಿಯುತ್ತದೆ?
(ಮೈಸೂರು)

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರ ಹೇಳಿದರೆ ಮುಂದಿನದು ಅರ್ಥವಾಗುತ್ತದೆ. ಮ್ಯಾನಿಫೋಲ್ಡ್ ಹೆಡ್ಡಿಗಿಂತ ಬಹಳ ಹೆಚ್ಚು ಕಾಯುತ್ತದೆ. ಹೆಡ್ಡಿಗೆ ಒಳಗೆ ನೀರು ಹರಿದು ತಂಪು ಸಿಗುತ್ತದೆ, ಮ್ಯಾನಿಫೋಲ್ಡಿಗೆ ಇಲ್ಲ. ಹಾಗಾಗಿ ಎರಡೂ ಬೇರೆ ಬೇರೆ ಪ್ರಮಾಣದಲ್ಲಿ ಉದ್ದಕ್ಕೆ ಹಿಗ್ಗುತ್ತವೆ. ನಡುವಿನ ಸ್ಟಡ್ಡಿಗೆ ಆ ವ್ಯತ್ಯಾಸ ತಟ್ಟುವುದೇ ಇಲ್ಲ, ತುದಿಯದಕ್ಕೆ ಪೂರ್ತಿ ತಟ್ಟುತ್ತದೆ. ಪ್ರತಿ ಸಲ ಗಾಡಿ ಬಿಸಿಯಾಗಿ ಆರಿದಾಗ ಅದು ಸ್ವಲ್ಪ ಬಾಗಿ ಸ್ವಲ್ಪ ನೆಟ್ಟಗಾಗುತ್ತದೆ. ವರ್ಷಗಳ ಕಾಲ ಇದೇ ನಡೆದು ಬುಡದಲ್ಲಿ ಬಿರುಕು ಹುಟ್ಟುತ್ತದೆ. ನೀವು ಸ್ಪ್ಯಾನರ್ ಹಿಡಿಯುವ ಮೊದಲೇ ಅದು ಅರ್ಧ ಮುರಿದಿರಬಹುದು. ಮುರಿದ ತುಂಡಿನ ಮುಖ ನೋಡಿ: ಒಂದು ಭಾಗ ಕಪ್ಪು ತುಕ್ಕಾಗಿದ್ದು ಉಳಿದದ್ದು ಬೆಳ್ಳಗೆ ಹೊಳೆಯುತ್ತಿದ್ದರೆ, ಕಪ್ಪು ಭಾಗ ಹಳೆಯ ಬಿರುಕು.

ಈಗ ತೆಗೆಯುವ ವಿಚಾರ. ಹೆಡ್ ಬಿಚ್ಚದೆ ಆಗುತ್ತದೆ, ಆದರೆ ಆ ಸ್ಟಡ್ಡಿನ ಎದುರಿಗೆ ನೇರವಾಗಿ ಡ್ರಿಲ್ ಹಿಡಿಯಲು ಜಾಗ ಇರಬೇಕು. ಫೈರ್‌ವಾಲ್ (ಎಂಜಿನ್ ಕೋಣೆಯ ಹಿಂದಿನ ಗೋಡೆ) ಕಡೆಗೆ ಮುಖ ಮಾಡಿದ ಮ್ಯಾನಿಫೋಲ್ಡಾದರೆ ಕೈ ಮಾತ್ರ ಹೋಗುತ್ತದೆ, ಡ್ರಿಲ್ ಓರೆಯಾಗುತ್ತದೆ. ಅಂಥಲ್ಲಿ ಹೆಡ್ ಇಳಿಸುವುದೇ ಕಡಿಮೆ ಖರ್ಚಿನದು. ಏನೇ ಮಾಡುವ ಮೊದಲು ಎಕ್ಸಾಸ್ಟ್ ಪೋರ್ಟುಗಳಿಗೆ ಬಟ್ಟೆ ತುರುಕಿ ಮುಚ್ಚಿ. ಒಂದು ಚೂರು ಕಬ್ಬಿಣ ವಾಲ್ವಿನ ಮೇಲೆ ಬಿದ್ದರೂ ಆಮೇಲಿನ ಕೆಲಸ ಬೇರೆಯೇ.

ಮೊದಲ ಆಯ್ಕೆ ವೆಲ್ಡಿಂಗ್, ಡ್ರಿಲ್ ಅಲ್ಲ. ಬ್ಯಾಟರಿಯ ಮೈನಸ್ ತಂತಿ ಬಿಚ್ಚಿಡಿ, ವೆಲ್ಡಿಂಗಿನ ಅರ್ಥ್ ಕ್ಲಾಂಪನ್ನು ಬಾಡಿಗಲ್ಲ, ಎಂಜಿನ್ನಿಗೇ, ಸಾಧ್ಯವಾದಷ್ಟು ಹತ್ತಿರ ಹಾಕಿ. ಮುರಿದ ಎಂ8 ಸ್ಟಡ್ಡಿನ ಮುಖಕ್ಕೆ ಎಂ10 ನಟ್ಟನ್ನು ನಡುಮಧ್ಯಕ್ಕೆ ಹಿಡಿದು, ಮಿಗ್ ವೆಲ್ಡರಿನಿಂದ ನಟ್ಟಿನ ತೂತಿನೊಳಗಿಂದ ತುಂಬಿಸುತ್ತ ಬನ್ನಿ. ದೊಡ್ಡ ನಟ್ಟು ಏಕೆಂದರೆ ಒಳಗೆ ವೆಲ್ಡಿಂಗಿನ ತುದಿ ಸ್ಟಡ್ಡಿನವರೆಗೆ ತಲುಪಬೇಕು. ಉಕ್ಕಿನ ಬೆಸುಗೆ ಅಲ್ಯೂಮಿನಿಯಂಗೆ ಹಿಡಿಯುವುದಿಲ್ಲ, ಹಾಗಾಗಿ ಸುತ್ತ ಅಲ್ಪಸ್ವಲ್ಪ ಚಿಮ್ಮಿದರೂ ಹೆಡ್ಡಿಗೆ ಅಂಟಿಕೊಳ್ಳುವ ಭಯವಿಲ್ಲ. ನಟ್ಟಿಗೆ ಸತುವಿನ ಲೇಪ ಇದ್ದರೆ ಮೊದಲೇ ಉಜ್ಜಿ ತೆಗೆಯಿರಿ, ಅದರ ಹೊಗೆ ಜ್ವರ ತರಿಸುತ್ತದೆ.

ವೆಲ್ಡ್ ಆದ ಕೂಡಲೇ ತಿರುಗಿಸಲು ಹೋಗಬೇಡಿ. ಕೆಂಪಾಗಿರುವಾಗ ಉಕ್ಕು ಮೆತ್ತಗಿರುತ್ತದೆ, ಬೆಸುಗೆಯೇ ಕಿತ್ತು ಬರುತ್ತದೆ. ಕೆಂಪು ಪೂರ್ತಿ ಹೋಗಿ ಬಿಸಿ ಇಳಿಯುವವರೆಗೆ ಕಾದು, ಹಿಂದೆ ಮುಂದೆ ಮೆಲ್ಲಗೆ ಆಡಿಸಿ. ಸ್ಟಡ್ ಕಾದಾಗ ಉಬ್ಬಿ ತುಕ್ಕನ್ನು ಪುಡಿ ಮಾಡಿರುತ್ತದೆ, ಆರಿದಾಗ ಕುಗ್ಗಿ ಸಡಿಲವಾಗುತ್ತದೆ. ನಟ್ಟು ಕಿತ್ತು ಬಂದರೆ ಇನ್ನೊಂದು ವೆಲ್ಡ್ ಮಾಡಿ, ಅದೂ ಬಂದರೆ ಮತ್ತೊಂದು. ಪ್ರತಿ ಸುತ್ತಿನ ಕಾವೂ ಕೆಲಸ ಮಾಡುತ್ತಲೇ ಇರುತ್ತದೆ, ವ್ಯರ್ಥವಾಗುವುದಿಲ್ಲ.

ಹೆಡ್ಡನ್ನು ಹೊರಗಿನಿಂದ ಟಾರ್ಚಿನಲ್ಲಿ ಕಾಯಿಸುವುದಾದರೆ ಬಹಳ ಎಚ್ಚರ ಬೇಕು. ಅಲ್ಯೂಮಿನಿಯಂ ಉಕ್ಕಿನ ಸರಿಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಅದು ನಮಗೆ ಲಾಭವೇ. ಆದರೆ ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಹೆಡ್ಡಿನ ಮಿಶ್ರಲೋಹ ಅದಕ್ಕೂ ಮೊದಲು. ಕೆಂಪಾಗಿ ಎಚ್ಚರಿಸದೆ ಇದ್ದಕ್ಕಿದ್ದಂತೆ ಕುಸಿಯುತ್ತದೆ. ಜ್ವಾಲೆಯನ್ನು ಒಂದೇ ಕಡೆ ನಿಲ್ಲಿಸದೆ ಆಡಿಸುತ್ತ, 150 ಡಿಗ್ರಿ ಆಸುಪಾಸಿಗೆ ನಿಲ್ಲಿಸಿ. ಕೈಯಲ್ಲಿ ಹಿಡಿಯುವ ಥರ್ಮಾಮೀಟರ್ ಗನ್ ಇದ್ದರೆ ಒಳ್ಳೆಯದು, ಆದರೆ ಹೊಳೆಯುವ ಅಲ್ಯೂಮಿನಿಯಂ ಮೇಲೆ ಅದು ಕಡಿಮೆ ತೋರಿಸುತ್ತದೆ. ಒಂದು ಕಪ್ಪು ಮಾರ್ಕರ್ ಗುರುತು ಹಾಕಿ ಅದರ ಮೇಲೆ ಅಳೆಯಿರಿ.

ವೆಲ್ಡಿಂಗಿಗೆ ಬಗ್ಗದಿದ್ದರೆ ಡ್ರಿಲ್. ಇಲ್ಲಿ ಎಲ್ಲವೂ ನಿಂತಿರುವುದು ನಡುಮಧ್ಯ ಹಿಡಿಯುವುದರ ಮೇಲೆ. ಕೈಯಂದಾಜಿನಲ್ಲಿ ಪಂಚ್ ಹೊಡೆದು ಕೊರೆಯತೊಡಗಿದರೆ, ಗಟ್ಟಿ ಉಕ್ಕನ್ನು ಬಿಟ್ಟು ಬಿಟ್ ಮೆತ್ತನೆಯ ಅಲ್ಯೂಮಿನಿಯಂ ಕಡೆಗೆ ಜಾರುತ್ತದೆ. ಅದಕ್ಕೆ ಲೇತಿನವರ ಹತ್ತಿರ ಒಂದು ಸಣ್ಣ ಬುಶ್ ಮಾಡಿಸಿ: ಹೊರ ಅಳತೆ ಮ್ಯಾನಿಫೋಲ್ಡಿನ ತೂತಿಗೆ ಸರಿಯಾಗಿ ಕೂರುವಷ್ಟು, ಒಳ ತೂತು 3.2 ಮಿ.ಮೀ. ಮ್ಯಾನಿಫೋಲ್ಡನ್ನು ಉಳಿದ ಸ್ಟಡ್ಡುಗಳಿಗೆ ಕೂರಿಸಿ, ಮುರಿದ ಸ್ಟಡ್ಡಿನ ತೂತಿನಲ್ಲಿ ಈ ಬುಶ್ ಹಾಕಿ 3 ಮಿ.ಮೀ. ಬಿಟ್ಟಿನಿಂದ ಕೊರೆಯಿರಿ. ಇದೊಂದು ಬುಶ್ ಮಾಡಿಸಿದವರಿಗೆ ಹೆಡ್ ಹಾಳಾಗುವ ಭಯ ಬಹುಮಟ್ಟಿಗೆ ತಪ್ಪಿತು ಎನ್ನಬಹುದು.

ಕೊರೆಯುವುದು ನಿಧಾನ ವೇಗದಲ್ಲಿ, ಕಟಿಂಗ್ ಆಯಿಲ್ ಹಾಕುತ್ತ, ಕೋಬಾಲ್ಟ್ ಬಿಟ್ಟಿನಿಂದ. 3 ಆದ ಮೇಲೆ 4, 5, 6. ಎಡಕ್ಕೆ ತಿರುಗಿ ಕೊರೆಯುವ ಬಿಟ್ ಸಿಕ್ಕರೆ ಅದನ್ನೇ ಹಾಕಿ. ಎಷ್ಟೋ ಸಲ 5 ಮಿ.ಮೀ.ಗೆ ಬರುವಷ್ಟರಲ್ಲಿ ಬಿಟ್ ಕಚ್ಚಿ ತುಂಡು ತಾನೇ ತಿರುಗಿ ಹೊರಬರುತ್ತದೆ. ಬೇಕಾದ ಆಳಕ್ಕೆ ಬಿಟ್ಟಿಗೆ ಟೇಪು ಸುತ್ತಿ ಗುರುತಿಡಿ. ಕೆಲವು ಎಂಜಿನ್ನುಗಳಲ್ಲಿ ಸ್ಟಡ್ಡಿನ ತೂತು ನೀರಿನ ದಾರಿಗೆ ತೆರೆದಿರುತ್ತದೆ, ಅಲ್ಲಿ ಕೂಲಂಟ್ ಸೋರಿದರೆ ಗಾಬರಿ ಬೇಡ. ಹೊಸ ಸ್ಟಡ್ಡಿಗೆ ಥ್ರೆಡ್ ಸೀಲೆಂಟ್ ಹಚ್ಚಿ ಹಾಕಬೇಕು, ಅಷ್ಟೇ.

ಕೊನೆಗೆ 6.8 ಮಿ.ಮೀ. ಬಿಟ್, ಎಂ8ರ 1.25 ಪಿಚ್ಚಿಗೆ (ಥ್ರೆಡ್ಡಿನ ಒಂದು ಹಲ್ಲಿನಿಂದ ಇನ್ನೊಂದಕ್ಕಿರುವ ದೂರ, ಮಿ.ಮೀ.ಗಳಲ್ಲಿ) ಅದೇ ಅಳತೆ. ತೂತು ನಡುವಿಗೆ ಸರಿಯಾಗಿ ಬಿದ್ದಿದ್ದರೆ ಹಳೆಯ ಸ್ಟಡ್ಡಿನ ಥ್ರೆಡ್ ಮಾತ್ರ ಸ್ಪ್ರಿಂಗಿನ ಸುರುಳಿಯಂತೆ ಉಳಿದಿರುತ್ತದೆ. ಚೂಪು ಮೊಳೆಯಿಂದ ಅದರ ತುದಿ ಎಬ್ಬಿಸಿ ಇಕ್ಕಳದಲ್ಲಿ ಎಳೆದರೆ ಸುತ್ತು ಸುತ್ತಾಗಿ ಬರುತ್ತದೆ. ಆಮೇಲೆ ಥ್ರೆಡ್ ಕೊರೆಯುವ ಎಂ8 ಟ್ಯಾಪು: ಹಲ್ಲಿಗೆ ಗ್ರೀಸ್ ಮೆತ್ತಿ, ಅರ್ಧ ತಿರುವು ಮುಂದೆ, ಕಾಲು ತಿರುವು ಹಿಂದೆ. ಗ್ರೀಸಿಗೆ ಅಂಟಿದ ಚೂರುಗಳನ್ನು ಒರೆಸಿ ಮತ್ತೆ ಹಾಕಿ. ಥ್ರೆಡ್ ಕೆಟ್ಟಿದ್ದರೆ ಹೆಲಿಕಾಯಿಲ್, ಅಂದರೆ ಹೊಸ ಥ್ರೆಡ್ ಕೊಡುವ ತಂತಿಯ ಸುರುಳಿ, ಹಾಕಿಸಿ. ಎಂ8ಕ್ಕೆ 8.3 ಮಿ.ಮೀ. ಕೊರೆತ, ಕಿಟ್ಟಿನಲ್ಲೇ ಬರುವ ಅದರದೇ ಟ್ಯಾಪು, 12 ಮಿ.ಮೀ. ಉದ್ದದ ಸುರುಳಿ. ಸುರುಳಿ ಹೆಡ್ಡಿನ ಮೈಗಿಂತ ಅರ್ಧ ಸುತ್ತಾದರೂ ಕೆಳಗೆ ಕೂರಲಿ, ಆಮೇಲೆ ಅದರ ಬಾಲ ಮುರಿಯಿರಿ.

ಮ್ಯಾನಿಫೋಲ್ಡ್ ವಾಪಸ್ ಕೂರಿಸುವ ಮೊದಲು ಉಕ್ಕಿನ ಪಟ್ಟಿ ಇಟ್ಟು ಅದರ ಮುಖ ಬಾಗಿದೆಯೇ ಎಂದು ಸಂದಿ ಅಳೆಯುವ ಫೀಲರ್ ಗೇಜಿನಿಂದ ನೋಡಿ. ಬಾಗಿದ ಮ್ಯಾನಿಫೋಲ್ಡನ್ನು ಬೋಲ್ಟಿನ ಬಲದಿಂದ ಎಳೆದು ಕೂರಿಸಿದರೆ ಹೊಸ ಸ್ಟಡ್ಡೂ ಅದೇ ಜಾಗದಲ್ಲಿ ಮುರಿಯುತ್ತದೆ. ಸರ್ಫೇಸ್ ಗ್ರೈಂಡಿಂಗ್ ಮಾಡಿಸಿ. ಗ್ಯಾಸ್ಕೆಟ್ ಹೊಸದೇ ಆಗಬೇಕು. ಸ್ಟಡ್ಡನ್ನು ಹೆಡ್ಡಿಗೆ ಬೆರಳಿನಿಂದ ತಿರುಗಿಸಿ ತಳ ಮುಟ್ಟಿಸಿದರೆ ಸಾಕು. ನಟ್ಟುಗಳನ್ನು ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ, ಎಂ8 ಆದರೆ 20ರಿಂದ 25 ನ್ಯೂಟನ್ ಮೀಟರಿಗೆ ಬಿಗಿಯಿರಿ. ಒಂದು ಸ್ಟಡ್ ಮುರಿದಿದೆ ಎಂದರೆ ಉಳಿದವೂ ಅದೇ ವಯಸ್ಸಿನವು. ಕೈ ಹಾಕಿದಾಗಲೇ ಎಲ್ಲ ಬದಲಿಸಿಬಿಡಿ. ಎರಡು ನಟ್ಟು ಒಂದರ ಮೇಲೊಂದು ಬಿಗಿದು ಒಳಗಿನ ನಟ್ಟನ್ನು ತಿರುಗಿಸಿದರೆ ಹಳೆಯ ಸ್ಟಡ್ ಬರುತ್ತದೆ.

ಪ್ರಶ್ನೆ: ಮುರಿದ ಸ್ಟಡ್ ತೆಗೆಯಲು ಈಸಿ ಔಟ್ (ಸ್ಟಡ್ಡಿನಲ್ಲಿ ಕೊರೆದ ತೂತಿಗೆ ತೂರಿಸಿ ತಿರುಗಿಸುವ ಕಡ್ಡಿ) ಹಾಕಿದೆವು, ಅದೂ ಒಳಗೇ ಮುರಿಯಿತು. ಡ್ರಿಲ್ ಜಾರುತ್ತದೆ, ಕೊರೆಯುತ್ತಿಲ್ಲ.
(ತುಮಕೂರು)

ಉತ್ತರ: ಕೊರೆಯುವುದಿಲ್ಲ, ನಿಲ್ಲಿಸಿ. ಈಸಿ ಔಟ್ ಗಟ್ಟಿಗೊಳಿಸಿದ ಉಕ್ಕು, ಸಾದಾ ಬಿಟ್ ಅದರ ಮೇಲೆ ಹೊರಳಿ ಪಕ್ಕದ ಅಲ್ಯೂಮಿನಿಯಂ ತಿನ್ನುತ್ತದೆ. ಹೆಡ್ ಬಿಚ್ಚಿ ಸ್ಪಾರ್ಕ್ ಇರೋಷನ್ ಯಂತ್ರ ಇರುವ ಕಡೆ ಕೊಡಿ. ಅಚ್ಚು ಮಾಡುವ ಟೂಲ್‌ರೂಮುಗಳಲ್ಲಿ ಈ ಯಂತ್ರ ಇರುತ್ತದೆ. ನಿಮಗೆ ಬೆಂಗಳೂರಿನ ಪೀಣ್ಯ ದೂರವಲ್ಲ. ವಿದ್ಯುತ್ ಕಿಡಿಯಿಂದ ಲೋಹವನ್ನು ಚೂರು ಚೂರಾಗಿ ಕರಗಿಸುವ ಯಂತ್ರವದು, ಲೋಹ ಎಷ್ಟು ಗಟ್ಟಿ ಎಂಬುದು ಅದಕ್ಕೆ ಲೆಕ್ಕವಿಲ್ಲ. ತುಕ್ಕಿನಲ್ಲಿ ಹೂತ ಸ್ಟಡ್ಡಿಗೆ ಈಸಿ ಔಟ್ ಹಾಕುವುದೇ ತಪ್ಪು ಎಂಬುದು ನಮ್ಮ ಖಚಿತ ಅಭಿಪ್ರಾಯ. ಇಡೀ ಬೋಲ್ಟಿಗೆ ಬಗ್ಗದ ತುಕ್ಕು, ಅದರೊಳಗೆ ತೂರುವ ಸಣ್ಣ ಕಡ್ಡಿಗೆ ಹೇಗೆ ಬಗ್ಗೀತು? ಸಾಲದ್ದಕ್ಕೆ ಆ ಕಡ್ಡಿ ಬೆಣೆಯಂತೆ ಸ್ಟಡ್ಡನ್ನು ಉಬ್ಬಿಸಿ ಇನ್ನೂ ಬಿಗಿ ಮಾಡುತ್ತದೆ. ತುಕ್ಕಿಲ್ಲದೆ ಬರೀ ಹೆಚ್ಚು ಬಿಗಿದು ಮುರಿದ ಬೋಲ್ಟಿಗೆ ಮಾತ್ರ ಅದು ಸರಿ.

ಪ್ರಶ್ನೆ: ಮೀನು ಸಾಗಿಸುವ ಸಣ್ಣ ಗಾಡಿ. ಉಪ್ಪುನೀರು ತೊಟ್ಟಿಕ್ಕಿ ಎರಡು ವರ್ಷಕ್ಕೆ ಬೋಲ್ಟೆಲ್ಲ ಹೋಗುತ್ತವೆ. ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟು ಹಾಕಿದರೆ ಆಗುತ್ತದೆಯೇ?
(ಕಾರವಾರ)

ಉತ್ತರ: ಹಿಂದಿನ ಪೈಪು, ಸೈಲೆನ್ಸರ್ ಡಬ್ಬ, ಹೀಟ್ ಶೀಲ್ಡ್ ಇಲ್ಲೆಲ್ಲ ಧಾರಾಳವಾಗಿ ಹಾಕಿ. ಉಪ್ಪಿಗೆ ಎ2ಗಿಂತ ಎ4 ದರ್ಜೆ ತಡೆದುಕೊಳ್ಳುತ್ತದೆ, ತಲೆಯ ಮೇಲೆ ಹಾಗೆಂದೇ ಅಚ್ಚಿರುತ್ತದೆ. ಒಂದು ತೊಂದರೆ ಇದೆ: ಸ್ಟೇನ್‌ಲೆಸ್ ಬೋಲ್ಟಿಗೆ ಸ್ಟೇನ್‌ಲೆಸ್ ನಟ್ಟನ್ನು ಒಣಗಿದಂತೆ ಹಾಕಿ ಜೋರಾಗಿ ತಿರುಗಿಸಿದರೆ ತುಕ್ಕಿಲ್ಲದೆಯೂ ಥ್ರೆಡ್ಡಿಗೆ ಥ್ರೆಡ್ ಬೆಸೆದುಕೊಳ್ಳುತ್ತದೆ, ಆಮೇಲೆ ಕತ್ತರಿಸದೆ ಬೇರೆ ದಾರಿಯಿಲ್ಲ. ಥ್ರೆಡ್ ಕಚ್ಚದಂತೆ ತಡೆಯುವ ಆಂಟಿ ಸೀಜ್ ಪೇಸ್ಟು ಹಚ್ಚಿ, ಕೈಯಿಂದ ನಿಧಾನಕ್ಕೆ ತಿರುಗಿಸಿ, ಗನ್ ಬಳಸಬೇಡಿ.

ಮ್ಯಾನಿಫೋಲ್ಡಿನ ಸ್ಟಡ್ಡಿಗೆ ಮಾತ್ರ ಕಂಪನಿಯ ಸ್ಟಡ್ಡೇ ಇರಲಿ. ಅಲ್ಲಿ ತುಕ್ಕಿಗಿಂತ ಕಾವಿನಲ್ಲಿ ಬಲ ಉಳಿಸಿಕೊಳ್ಳುವುದು ದೊಡ್ಡದು. ಹಾರ್ಡ್‌ವೇರ್ ಅಂಗಡಿಯ 4.6 ದರ್ಜೆಯ ಬೋಲ್ಟು ಬಿಸಿಗೆ ಎಳೆದುಕೊಂಡು ಸಡಿಲವಾಗುತ್ತದೆ. ನಟ್ಟು ಪೂರ್ತಿ ಲೋಹದ ಲಾಕ್‌ನಟ್ಟಾಗಿರಲಿ, ತಾಮ್ರದ ಲೇಪದ್ದಾದರೆ ಇನ್ನೂ ಒಳ್ಳೆಯದು. ಒಳಗೆ ನೈಲಾನ್ ಉಂಗುರ ಇರುವ ನಟ್ಟು ಸೈಲೆನ್ಸರಿನ ಹತ್ತಿರವೇ ಬೇಡ, ನೈಲಾನ್ ಕರಗಿ ಹೋಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗದ ಮಾರುಕಟ್ಟೆಯಲ್ಲಿ ಕೊಳ್ಳುವಾಗ ಹಳೆಯ ಬೋಲ್ಟನ್ನು ಜೊತೆಗೇ ಒಯ್ಯಿರಿ. ಎಂ10ರಲ್ಲಿ 1.25 ಪಿಚ್ಚೂ ಇದೆ, 1.5 ಪಿಚ್ಚೂ ಇದೆ, ನೋಡಲು ಒಂದೇ. ತಪ್ಪಿದ್ದನ್ನು ಹಾಕಿದರೆ ಎರಡು ಸುತ್ತು ಹೋಗಿ ನಿಲ್ಲುತ್ತದೆ, ಒತ್ತಿ ತಿರುಗಿಸಿದರೆ ಥ್ರೆಡ್ ಹಾಳು.

ಆಂಟಿ ಸೀಜ್ ಎಂದರೆ ತಾಮ್ರದ ಪುಡಿ ಬೆರೆತ ಪೇಸ್ಟು, 1000 ಡಿಗ್ರಿ ಸುಮಾರಿನವರೆಗೂ ಕೆಲಸ ಮಾಡುತ್ತದೆ. ಸಾದಾ ಗ್ರೀಸ್ ಸುಟ್ಟು ಇದ್ದಿಲಾಗುತ್ತದೆ, ಅದರಿಂದ ಉಪಯೋಗವಿಲ್ಲ. ಪೇಸ್ಟು ಹಚ್ಚಿದ ಥ್ರೆಡ್ ಜಾರುವುದರಿಂದ ಅದೇ ಟಾರ್ಕಿಗೆ ಬೋಲ್ಟು ಹೆಚ್ಚು ಎಳೆಯಲ್ಪಡುತ್ತದೆ. ಮ್ಯಾನುಯಲ್ಲಿನ ಅಂಕಿ ಒಣ ಥ್ರೆಡ್ಡಿನದಾದರೆ ಐದನೇ ಒಂದು ಭಾಗ ಕಡಿಮೆ ಮಾಡಿ. ಗಾಡಿಯ ಅಡಿಯನ್ನು ಪ್ರತಿ ವಾರ ಸಿಹಿನೀರಿನಲ್ಲಿ ತೊಳೆಯಿರಿ, ಸೈಲೆನ್ಸರ್ ಆರಿದ ಮೇಲೆ. ಮೀನಿನ ನೀರು ಹೊರಹೋಗುವ ಕೊಳವೆಯನ್ನು ಸೈಲೆನ್ಸರ್ ಲೈನಿನಿಂದ ದೂರಕ್ಕೆ ತಿರುಗಿಸಿದರೆ ಅರ್ಧ ಸಮಸ್ಯೆ ಅಲ್ಲೇ ಹೋಗುತ್ತದೆ.

ಪ್ರಶ್ನೆ: ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್ ತಿರುಗುತ್ತಲೇ ಇಲ್ಲ. ಅದಕ್ಕೂ ಇದೇ ವಿಧಾನವೇ?
(ದಾವಣಗೆರೆ)

ಉತ್ತರ: ಸ್ವಲ್ಪ ಬೇರೆ. ಅದರ ಥ್ರೆಡ್ ಸಾಮಾನ್ಯವಾಗಿ ಎಂ18, ಪಿಚ್ 1.5, ಸ್ಪ್ಯಾನರ್ 22 ಮಿ.ಮೀ. ಎಂಜಿನ್ನನ್ನು ಕೆಲವು ನಿಮಿಷ ಓಡಿಸಿ ನಿಲ್ಲಿಸಿ, ಪೈಪು ಬೆಚ್ಚಗಿರುವಾಗ ದಪ್ಪ ಕೈಗವಸು ತೊಟ್ಟು ಬಿಚ್ಚಿ. ಹಳೆಯ ಸೆನ್ಸರ್ ಬಿಸಾಡುವುದೇ ಆದರೆ ವೈರ್ ಕತ್ತರಿಸಿ ಆರು ಮೂಲೆಯ ರಿಂಗ್ ಹಾಕಿ, ಸೀಳಿರುವ ಸಾಕೆಟ್ ಜೋರು ಎಳೆತಕ್ಕೆ ಬಾಯಿ ಬಿಡುತ್ತದೆ. ಹೊಸ ಸೆನ್ಸರಿಗೆ ಪೇಸ್ಟು ಬಹುತೇಕ ಕಂಪನಿಯವರೇ ಹಚ್ಚಿರುತ್ತಾರೆ, ಮೇಲೆ ಮತ್ತೆ ಹಚ್ಚಬೇಡಿ. ತುದಿಯ ಜಾಲರಿಗೆ ತಾಗಿದರೆ ಸೆನ್ಸರ್ ಕೆಡುತ್ತದೆ. ಸುತ್ತಮುತ್ತ ಸಾದಾ ಸಿಲಿಕೋನ್ ಸೀಲೆಂಟ್ ಬಳಸಬಾರದು, ಅದರ ಆವಿಯೂ ಸೆನ್ಸರಿಗೆ ವಿಷ. ಬಿಗಿ 40 ನ್ಯೂಟನ್ ಮೀಟರಿನ ಆಸುಪಾಸು.

ಪ್ರಶ್ನೆ: ನಾವು ಅಮೆರಿಕದ ಮಿಷಿಗನ್‌ನಲ್ಲಿದ್ದೇವೆ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಬೋಲ್ಟಲ್ಲ, ಫ್ಲ್ಯಾಂಜೇ ಪದರ ಪದರವಾಗಿ ಉದುರುತ್ತಿದೆ.
(ಡೆಟ್ರಾಯಿಟ್ ಹತ್ತಿರದಿಂದ)

ಉತ್ತರ: ಫ್ಲ್ಯಾಂಜು ಅರ್ಧಕ್ಕಿಂತ ಹೆಚ್ಚು ತಿಂದುಹೋಗಿದ್ದರೆ ಬೋಲ್ಟು ಬಿಚ್ಚುವ ಪ್ರಯತ್ನವೇ ಬೇಡ. ಎರಡು ಹೋಳಾಗಿ ಬರುವ ರಿಪೇರಿ ಫ್ಲ್ಯಾಂಜು ನಿಮ್ಮಲ್ಲಿ ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತದೆ. ಹಳೆಯದನ್ನು ಕತ್ತರಿಸಿ, ಪೈಪಿನ ತುದಿಯ ಅಂಚು ಗಟ್ಟಿಯಿದ್ದರೆ ಅದರ ಹಿಂದೆ ಇದನ್ನು ಕೂರಿಸಿ ಹೊಸ ಬೋಲ್ಟು ಹಾಕಬಹುದು. ಅಂಚೂ ಹೋಗಿದ್ದರೆ ಪೈಪೇ ಬದಲಿಸಬೇಕು. ಪೆಟ್ರೋಲ್ ಟ್ಯಾಂಕಿನ ಹತ್ತಿರದ ಬೋಲ್ಟುಗಳಿಗೆ ಜ್ವಾಲೆ ಹಿಡಿಯುವ ಬದಲು ಇಂಡಕ್ಷನ್ ಹೀಟರ್ ಬಾಡಿಗೆಗೆ ಸಿಕ್ಕರೆ ತನ್ನಿ, ನಟ್ಟು ಮಾತ್ರ ಕೆಂಪಾಗುತ್ತದೆ, ಬೆಂಕಿಯಿಲ್ಲ. ಅಲ್ಲಿನ ಟಾರ್ಕ್ ರೆಂಚುಗಳಲ್ಲಿ ಅಂಕಿ ಅಡಿ-ಪೌಂಡಿನಲ್ಲಿದ್ದರೆ ಮೇಲೆ ಹೇಳಿದ 25 ನ್ಯೂಟನ್ ಮೀಟರ್ ಎಂದರೆ ಸುಮಾರು 18.

ಎಲ್ಲರಿಗೂ ಸೇರಿಸಿ ಒಂದು ಎಚ್ಚರಿಕೆ: ಬೋಲ್ಟು ತೊಳೆಯಲು ಬ್ರೇಕ್ ಕ್ಲೀನರ್ ಹೊಡೆದು ತಕ್ಷಣ ವೆಲ್ಡಿಂಗ್ ಅಥವಾ ಟಾರ್ಚ್ ಹಿಡಿಯಬೇಡಿ. ಕೆಲವು ಬ್ರೇಕ್ ಕ್ಲೀನರುಗಳಲ್ಲಿ ಕ್ಲೋರಿನ್ ಸೇರಿದ ದ್ರಾವಕ ಇರುತ್ತದೆ, ಕಾವಿಗೆ ಅದರಿಂದ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಸ್ವಲ್ಪ ಉಸಿರಾಡಿದರೂ ಪ್ರಾಣಕ್ಕೆ ಅಪಾಯ.

ಪ್ರಶ್ನೆ: ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ 'ಟಿಕ್ ಟಿಕ್' ಸದ್ದು, ಐದು ನಿಮಿಷಕ್ಕೆ ನಿಲ್ಲುತ್ತದೆ. ಒಂದು ಸ್ಟಡ್ ಮುರಿದಿದೆ ಎಂದರು. ಹಾಗೇ ಓಡಿಸಬಹುದೇ?
(ಹಾಸನ)

ಉತ್ತರ: ತಣ್ಣಗಿರುವಾಗ ಸಂದಿ ತೆರೆದಿದ್ದು, ಬಿಸಿಯಾದಾಗ ಮ್ಯಾನಿಫೋಲ್ಡ್ ಹಿಗ್ಗಿ ಬಹುಮಟ್ಟಿಗೆ ಮುಚ್ಚಿಕೊಳ್ಳುತ್ತದೆ. ಅದಕ್ಕೇ ಸದ್ದು ನಿಲ್ಲುವುದು. ಸದ್ದು ನಿಂತಿತೆಂದು ಲೀಕ್ ನಿಂತಿಲ್ಲ. ಸೋರುವ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಅದಕ್ಕೆ ವಾಸನೆಯಿಲ್ಲ. ಎಸಿಯ ಗಾಳಿ ಒಳಬರುವ ಜಾಗ ಎಂಜಿನ್ ಕೋಣೆಯ ಹಿಂಬದಿಯಲ್ಲೇ ಇರುವ ಗಾಡಿಗಳಲ್ಲಿ ಅದು ನೇರ ಒಳಗೆ ಬರಬಹುದು. ಸಂದಿಯಿಂದ ಹೊರಗಿನ ಗಾಳಿ ಒಳಸೇರಿದರೆ ಆಕ್ಸಿಜನ್ ಸೆನ್ಸರ್ ತಪ್ಪು ಓದಿ ಪೆಟ್ರೋಲ್ ಹೆಚ್ಚು ಸುರಿಸುತ್ತದೆ, ಮೈಲೇಜ್ ಬೀಳುತ್ತದೆ. ಬಿಸಿ ಗಾಳಿ ಒಂದೇ ಜಾಗದಲ್ಲಿ ನುಗ್ಗುತ್ತಿದ್ದರೆ ಅಲ್ಯೂಮಿನಿಯಂ ಹೆಡ್ಡಿನ ಮುಖವನ್ನು ಕೊರೆಯುತ್ತದೆ.

ರಿಪೇರಿಗೆ ಬಿಡುವವರೆಗೆ ಕಿಟಕಿ ತೆರೆದು, ಎಸಿಯನ್ನು ಹೊರಗಾಳಿಯ ಕಡೆಗೆ ಇಡದೆ, ಗ್ಯಾರೇಜಿನವರೆಗೆ ಮಾತ್ರ ಓಡಿಸಿ. ಸೈಲೆನ್ಸರ್ ಪೇಸ್ಟು ಮೆತ್ತಿ ಮುಚ್ಚಲು ಹೋಗಬೇಡಿ, ಆ ಜಾಗದ ಕಾವಿಗೂ ಅಲುಗಾಟಕ್ಕೂ ಅದು ನಿಲ್ಲುವುದಿಲ್ಲ. ಹೊಸ ಸ್ಟಡ್ ಹಾಕಿಸಿದ ಮೇಲೆ ಕೆಲವು ದಿನ ಓಡಿಸಿ, ಎಂಜಿನ್ ಪೂರ್ತಿ ತಣ್ಣಗಿರುವಾಗ ನಟ್ಟುಗಳ ಬಿಗಿಯನ್ನು ಟಾರ್ಕ್ ರೆಂಚಿನಿಂದ ಇನ್ನೊಮ್ಮೆ ನೋಡಿಸಿ. ಹೊಸ ಗ್ಯಾಸ್ಕೆಟ್ ಸ್ವಲ್ಪ ಅಮುಕಿಕೊಂಡು ನಟ್ಟು ಕಾಲು ತಿರುವಿನವರೆಗೆ ಸಡಿಲವಾಗಿರುವುದು ಸಹಜ.